ಓತಿಕ್ಯಾತದ ಹೊಟ್ಟೆಯ ಜನಗಣತಿ

ಬೆಳಿಗ್ಗೆ ಹತ್ತಕ್ಕೆ ಮೊದಲೇ ಸಿಂಧನೂರಿನ ಆ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಕ್ಕರೆ ಪಾಕದ ವಾಸನೆ ಎದ್ದಿತೆಂದರೆ ಯಮನೂರಮ್ಮ ಬಂದಿದ್ದಾಳೆಂದು ಅರ್ಥ. ಹೊಸದಾಗಿ ಸೇರಿದ ಹುಡುಗಿಯರು ಬಾಗಿಲಲ್ಲಿ ನಿಂತು ಮೂಗರಳಿಸುತ್ತಾರೆ.

"ಅಕ್ಕಾ, ಉಂಡಿ ಕಟ್ಟಾಕತ್ತೀರೇನು?"

"ಹೌದವ್ವ. ಓತಿಕ್ಯಾತದ ಹಿಕ್ಕಿ ಹಾಕಿ ಕಟ್ಟಾಕತ್ತೀನಿ. ಎರಡು ಕೊಡ್ಲೇನು?"

ಆ ಹುಡುಗಿಯರು ಮತ್ತೊಮ್ಮೆ ಕೇಳುವುದಿಲ್ಲ.

ಅವಳು ಹೇಳಿದ್ದರಲ್ಲಿ ಸುಳ್ಳು ಸ್ವಲ್ಪವೇ. ಓತಿಕ್ಯಾತದ ಹಿಕ್ಕೆಯನ್ನು ತೆಳ್ಳನೆಯ ಪಾಕದಲ್ಲಿ ಕದಡಿ, ಬೆರಳುದ್ದದ ಗಾಜಿನ ನಳಿಕೆಯಲ್ಲಿ ಕಂಠಮಟ ತುಂಬಿ, ಬಾಯಿಗೊಂದು ತೆಳು ಗಾಜಿನ ಚೂರು ಮುಚ್ಚಿ ಇಪ್ಪತ್ತು ನಿಮಿಷ ಬಿಡಬೇಕು. ಕಸವೆಲ್ಲ ತಳಕ್ಕಿಳಿಯುತ್ತದೆ. ಹಿಕ್ಕೆಯೊಳಗೆ ಮೊಟ್ಟೆಯಂತೆ ಚಿಪ್ಪು ಹೊದ್ದು ಮಲಗಿರುವ ಕಣ್ಣಿಗೆ ಕಾಣದ ಜೀವಗಳು ಮೇಲೆ ತೇಲಿ ಬಂದು ಗಾಜಿಗೆ ಅಂಟಿಕೊಳ್ಳುತ್ತವೆ. ಆ ಗಾಜನ್ನೆತ್ತಿ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನ ಕೆಳಗೆ ತಳ್ಳಿದರೆ ಆಯಿತು. ಪಾಕ ತೀರ ತೆಳುವಾದರೆ ಅವು ತೇಲುವುದಿಲ್ಲ, ಗಟ್ಟಿಯಾದರೆ ಸಕ್ಕರೆ ಹರಳುಗಟ್ಟಿ ಏನೂ ಕಾಣುವುದಿಲ್ಲ. ಎಷ್ಟು ಕಾಯಿಸಬೇಕೆಂಬುದು ಯಮನೂರಮ್ಮನ ಕೈಗೆ ಗೊತ್ತು.

ಅವಳು ಹುಟ್ಟಿದ್ದು ಬಳಗಾನೂರಿನಲ್ಲಿ. ಏಳನೆಯ ತರಗತಿಯ ಪರೀಕ್ಷೆ ಮುಗಿದ ವಾರವೇ ಅವ್ವನ ಸಂಗಡ ನಾಟಿಗೆ ಇಳಿದಳು. ಗೊರೇಬಾಳಕ್ಕೆ ಸೊಸೆಯಾಗಿ ಬಂದ ಮೇಲೂ ಕಾಲುವೆಗೆ ನೀರು ಬಿಟ್ಟರೆ ಸಾಕು, ಸೀರೆ ಮೇಲಕ್ಕೆ ಕಟ್ಟಿ ಕೆಸರಿಗೆ ಇಳಿಯುವುದೇ. ಗಂಡ ಶಿವರಾಜ ಮಂದಿಯ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಎರಡನೆಯ ಮಗಳು ಹುಟ್ಟಿದ ಮೇಲೆ ಬಗ್ಗಿ ನಾಟಿ ಹಚ್ಚಲು ಬೆನ್ನು ಒಪ್ಪಲಿಲ್ಲ. ಯಾರೋ ಹೇಳಿ ಕಾಲೇಜಿನಲ್ಲಿ ಗುತ್ತಿಗೆಯ ಅಟೆಂಡರ್ ಕೆಲಸ ಸಿಕ್ಕಿತು. ಗಾಜಿನ ಭರಣಿಗಳಲ್ಲಿ ಹಾವು, ಚೇಳು, ಕಪ್ಪೆ ನೆನೆಹಾಕಿದ್ದ ಪ್ರಾಣಿಶಾಸ್ತ್ರದ ಕೋಣೆಗೆ ಉಳಿದ ಅಟೆಂಡರುಗಳು ಕಾಲಿಡಲು ಹೇಸುತ್ತಿದ್ದರು. ಹೊಸಬಳೆಂದು ಇವಳನ್ನು ಅಲ್ಲಿಗೆ ಅಟ್ಟಿದರು. ಗದ್ದೆಯಲ್ಲಿ ನೀರುಹಾವಿನ ಪಕ್ಕದಲ್ಲೇ ಸಸಿ ಊರಿದವಳಿಗೆ ಭರಣಿಯ ಹಾವು ಯಾವ ಲೆಕ್ಕ? ಬಟ್ಟೆ ತೆಗೆದುಕೊಂಡು ಭರಣಿಗಳ ಧೂಳು ಒರೆಸಿದಳು, ಸ್ಲೈಡು ತೊಳೆದಳು, ಗಂಟೆ ಹೊಡೆದಳು. ಮೂರು ವರ್ಷ ಹಾಗೇ ಹೋಯಿತು.

ಆಮೇಲೆ ರಾಜಶ್ರೀ ಮೇಡಂ ಬಂದರು. ಲಿಂಗಸುಗೂರಿನ ಕಿರಾಣಿ ವ್ಯಾಪಾರಿಗಳ ಮಗಳು. ಮೂವತ್ತು ದಾಟಿದ್ದರೂ ನಡಿಗೆ ಮಾತ್ರ ಹೈಸ್ಕೂಲ್ ಹುಡುಗಿಯದು. ದಿನಾ ಲಿಂಗಸುಗೂರಿನಿಂದ ಮಸ್ಕಿ ಮೇಲೆ ಹಾಯ್ದು ಸಿಂಧನೂರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಓತಿಕ್ಯಾತಗಳ ಹೊಟ್ಟೆಯೊಳಗೆ ವಾಸಮಾಡುವ ಏಕಕೋಶ ಜೀವಿಗಳನ್ನು ಹುಡುಕಿ, ಅಳೆದು, ಯಾವುದು ಯಾವ ಕುಲದ್ದೆಂದು ವಿಂಗಡಿಸುವುದು ಅವರ ಪಿಎಚ್.ಡಿ.ಯ ಕೆಲಸ. ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿದವರು ಚಹಾ ಕೆಳಗಿಟ್ಟು, "ಅಲ್ಲಮ್ಮಾ, ನಿನಗ ಬ್ಯಾರೆ ಏನೂ ಸಿಗಲಿಲ್ಲೇನು?" ಎಂದಿದ್ದರು.

ಮೇಡಂ ಬಂದ ಎರಡನೆಯ ವರ್ಷ, ಒಂದು ಮಧ್ಯಾಹ್ನ ಯಮನೂರಮ್ಮ ನೆಲ ಒರೆಸುತ್ತಿದ್ದಳು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕುಳಿತಿದ್ದ ಮೇಡಂ ಇದ್ದಕ್ಕಿದ್ದಂತೆ, "ಅಬ್ಬಾ!" ಎಂದು ತಿರುಗಿ ನೋಡಿದರು. ಹೇಳಿಕೊಳ್ಳಲು ಕೋಣೆಯಲ್ಲಿ ಯಮನೂರಮ್ಮನೊಬ್ಬಳೇ ಇದ್ದಳು.

"ಬರ್ರಿ ಇಲ್ಲಿ. ಕೈ ಒರೆಸಿಕೊಂಡು ಬರ್ರಿ. ಒಂದು ಕಣ್ಣು ಮುಚ್ಚಿ ನೋಡ್ರಿ."

ಮೊದಲಿಗೆ ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಬೆಳಕಿನ ಒಂದು ಬಿಲ್ಲೆ. ಆ ಬಿಲ್ಲೆಯೊಳಕ್ಕೆ ಅವರೆಕಾಳಿನ ಆಕಾರದ್ದೊಂದು ಹೊರಳುತ್ತ ಬಂತು. ಅದರ ಮೈತುಂಬ ಕೂದಲು. ಗಾಳಿ ಬೀಸಿದಾಗ ಎಳೆಯ ನೆಲ್ಲಿನ ಪೈರು ಈ ಬದುವಿನಿಂದ ಆ ಬದುವಿನವರೆಗೆ ಸಾಲಾಗಿ ಬಾಗುತ್ತದಲ್ಲ, ಆ ಕೂದಲೂ ಹಾಗೇ ಅಲೆಅಲೆಯಾಗಿ ಬಾಗುತ್ತಿತ್ತು. ಒಂದು ಕಸದ ಚೂರಿಗೆ ಬಡಿಯಿತು, ಹಿಂದೆ ಸರಿಯಿತು, ದಾರಿ ಬದಲಿಸಿ ಮುಂದೆ ಹೋಯಿತು.

"ಯಾರ್ರೀ ಇದು?" ಎಂದಳು ಯಮನೂರಮ್ಮ. ಏನು ಎಂದು ಕೇಳಲು ಬಾಯಿ ಬರಲಿಲ್ಲ.

"ಒಂದೇ ಜೀವಕೋಶ, ಯಮನೂರಮ್ಮ. ಕಣ್ಣಿಲ್ಲ, ಬಾಲ ಇಲ್ಲ, ತಲಿ ಇಲ್ಲ. ಒಂದೇ ಕೋಣಿ, ಅದರಾಗೇ ಅಡಿಗಿ, ಊಟ, ಸಂಸಾರ ಎಲ್ಲಾ. ಓತಿಕ್ಯಾತದ ಕರುಳಿನಾಗ ಇರತೈತಿ."

"ತನ್ನ ಹೊಟ್ಟ್ಯಾಗ ಇಂಥವು ಅದಾವಂತ ಓತಿಕ್ಯಾತಕ್ಕ ಗೊತ್ತೇನ್ರೀ?"

"ನಿಮ್ಮ ಹೊಟ್ಟ್ಯಾಗ ಯಾರ್ಯಾರು ಅದಾರಂತ ನಿಮಗ ಗೊತ್ತೇನು?"

ಅವತ್ತು ಡಬ್ಬಿಯ ರೊಟ್ಟಿ ಅರ್ಧಕ್ಕೇ ಸಾಕಾಯಿತು. ಮನೆಗೆ ಹೋಗುವ ಆಟೋದಲ್ಲಿ ಎದುರು ಕುಳಿತ ಮುದುಕ, ಅವನ ಮಡಿಲಲ್ಲಿ ಮಲಗಿದ ಕೂಸು, ರಸ್ತೆಯಾಚೆ ಮೇಯುವ ಎಮ್ಮೆ, ಯಾರನ್ನು ನೋಡಿದರೂ ಒಳಗೊಂದು ಊರೇ ಇದ್ದಂತೆ ತೋರುತ್ತಿತ್ತು.

ಅಲ್ಲಿಂದ ಶುರುವಾಯಿತು. ಮೇಡಂ ಕಲಿಸಿದರು, ಇವಳು ಕಲಿತಳು. ಹಿಕ್ಕೆಯನ್ನು ಕಿತ್ತಳೆ ಬಣ್ಣದ ಔಷಧದ ನೀರಿನಲ್ಲಿ ನೆನೆಸಿಟ್ಟರೆ ಐದಾರು ದಿನದಲ್ಲಿ ಆ ಚಿಪ್ಪಿನ ಗುಂಡುಗಳು ಒಳಗೊಳಗೇ ಹಣ್ಣಾಗುತ್ತವೆ. ಹಣ್ಣಾದ ಮೇಲೆ ಒಳಗೆ ಮನೆಗಳು ಮೂಡುತ್ತವೆ. ಎರಡು ಮನೆ, ಮನೆಗೆ ನಾಲ್ಕು ಮಂದಿ ಇದ್ದರೆ ಐಸೋಸ್ಪೋರಾ. ನಾಲ್ಕು ಮನೆ, ಮನೆಗೆ ಇಬ್ಬರಿದ್ದರೆ ಐಮೇರಿಯಾ. ಹೊರಗಿನಿಂದ ಎರಡೂ ಒಂದೇ ಥರ ಗುಂಡು, ಒಳಗಿನ ತಲೆ ಎಣಿಸಿದರೂ ಎಂಟೇ. ಯಾರು ಯಾರ ಸಂಗಡ ಯಾವ ಮನೆಯಲ್ಲಿದ್ದಾರೆ ಎಂಬುದರ ಮೇಲೆ ಕುಲ.

"ಇದು ಜನಗಣತಿ ಆತಲ್ರೀ ಮೇಡಂ," ಎಂದಿದ್ದಳು ಯಮನೂರಮ್ಮ.

"ಹೌದಲ್ಲ! ಆದ್ರ ಇವರು ಬಾಗಲಾ ಹಾಕೋದಿಲ್ಲ, ಸುಳ್ಳೂ ಹೇಳೋದಿಲ್ಲ."

ಎರಡು ವರ್ಷದಲ್ಲಿ ಅವಳ ಕಣ್ಣು ಎಷ್ಟು ಪಳಗಿತೆಂದರೆ, ಎಣಿಸಿದ್ದನ್ನು ಮೇಡಂ ಮತ್ತೊಮ್ಮೆ ನೋಡಿದರೂ ತಿದ್ದುವುದೇನೂ ಇರುತ್ತಿರಲಿಲ್ಲ. ಆದರೆ ಪ್ರಿನ್ಸಿಪಾಲರು ಒಮ್ಮೆ ಒಳಗೆ ಬಂದು ಮೈಕ್ರೋಸ್ಕೋಪಿನ ಮುಂದೆ ಕುಳಿತಿದ್ದ ಅವಳನ್ನು ಕಂಡು ಹುಬ್ಬು ಗಂಟಿಕ್ಕಿದ್ದರು. "ಅಟೆಂಡರ್ ಕೆಲಸ ಅಟೆಂಡರ್ ಮಾಡಬೇಕು. ಆಫೀಸಿನಾಗ ಫೈಲ್ ಹೊರಾಕ ಮಂದಿ ಇಲ್ಲ, ಅಲ್ಲಿ ಕಳಿಸ್ರಿ." ಮೇಡಂ ಎದ್ದು ನಿಂತು, "ಸರ್, ಇವರು ನೋಡಿದ್ದು ನನ್ನ ನೋಟಕ್ಕಿಂತ ಖರೇ ಇರತೈತಿ. ಇವರ ಮೇಲೆ ನನಗ ಪೂರ್ತಿ ಭರೋಸಾ ಐತಿ," ಎಂದು ಲ್ಯಾಬಿನ ಕೀಲಿಯನ್ನು ಎಲ್ಲರೆದುರು ಅವಳ ಕೈಗೆ ಕೊಟ್ಟಿದ್ದರು. ಆ ಸ್ಟೂಲು ತನ್ನದಾಗಿ ಉಳಿದದ್ದು ಆ ಮಾತಿನ ಬಲದಿಂದ ಎಂಬುದು ಯಮನೂರಮ್ಮನಿಗೆ ಗೊತ್ತಿತ್ತು.

ಓತಿಕ್ಯಾತ ಹಿಡಿದುಕೊಡುವವನು ಮಸ್ಕಿಯ ಮುಕ್ತಿಯಾರ್. ರಸ್ತೆಗೆ ಹತ್ತಿದ ಪಂಕ್ಚರ್ ಅಂಗಡಿ ಅವನದು. ಯಾರ ಮನೆಗೆ ಹಾವು ಬಂದರೂ ಇವನಿಗೇ ಫೋನು. ಹಿಡಿದು, ಗುಡ್ಡಕ್ಕೆ ಒಯ್ದು ಬಿಟ್ಟು ಬರುತ್ತಾನೆ. ಅರಣ್ಯ ಇಲಾಖೆಯ ಪರವಾನಗಿ ಪತ್ರ ಮೇಡಂ ಹತ್ತಿರ ಇತ್ತು. ಉದ್ದನೆಯ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ, ಮಸ್ಕಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತ ಕುಳಿತ ಓತಿಕ್ಯಾತದ ಕೊರಳಿಗೆ ಮೆಲ್ಲಗೆ ಇಳಿಸುವುದು ಮುಕ್ತಿಯಾರನ ವಿದ್ಯೆ. ಯಾವುದನ್ನು ಯಾವ ಬಂಡೆಯಿಂದ ತಂದನೋ ಬಣ್ಣದ ಚುಕ್ಕೆ ಇಟ್ಟು ನೆನಪಿಡುತ್ತಿದ್ದ, ಕೆಲಸ ಮುಗಿದ ಮೇಲೆ ಅದೇ ಬಂಡೆಗೆ ಬಿಡುತ್ತಿದ್ದ. ತೂತು ಕೊರೆದ ಡಬ್ಬಿಯನ್ನು ಮಸ್ಕಿ ಬಸ್ ನಿಲ್ದಾಣದಲ್ಲಿ ಮೇಡಂ ಕೈಗಿಡುತ್ತಿದ್ದ. "ಡಬ್ಬ್ಯಾಗ ಏನೈತ್ರೀ?" ಎಂದು ಕಂಡಕ್ಟರ್ ಒಮ್ಮೆ ಕೇಳಿ ಉತ್ತರ ತಿಳಿದ ಮೇಲೆ, ಎಷ್ಟೇ ಗದ್ದಲದ ಬಸ್ಸಿದ್ದರೂ ಮೇಡಂಗೆ ಎರಡು ಸೀಟು ಖಾಲಿ.

ಕಳೆದ ವರ್ಷ ಜೂನ್ ತಿಂಗಳಲ್ಲಿ, ಮೊದಲ ಮಳೆ ಬಿದ್ದ ವಾರ, ಮುಕ್ತಿಯಾರ್ ತಾನೇ ಡಬ್ಬಿ ಹಿಡಿದು ಸಿಂಧನೂರಿಗೆ ಬಂದ. ಎಂಟು ಓತಿಕ್ಯಾತ. ಗಂಡುಗಳ ಬೆನ್ನು ಕೆಂಡದಂತೆ ಕೆಂಪು, ಪಕ್ಕೆ ಕಪ್ಪು. ಒಂದು ಹೆಣ್ಣು ಮಾತ್ರ ಮೂಲೆಯಲ್ಲಿ ಒತ್ತರಿಸಿ ಕುಳಿತಿತ್ತು. ಹೊಟ್ಟೆ ಎರಡೂ ಬದಿಗೆ ಉಬ್ಬಿತ್ತು.

"ಅಕ್ಕಾ, ಇಕಿನ್ನ ಜ್ವಾಕಿಯಿಂದ ನೋಡ್ಕೋ. ತತ್ತಿ ಅದಾವ ಹೊಟ್ಟ್ಯಾಗ," ಎಂದ ಮುಕ್ತಿಯಾರ್.

"ಬಸುರಿನ್ಯಾಕ ಹಿಡಕೊಂಡು ಬಂದ್ಯೋ ಭಾಯ್?"

"ಕುಣಿಕಿ ಹಾಕುಮುಂದ ಸರ್ಟಿಫಿಕೇಟ್ ಕೇಳಾಕ ಬರತೈತೇನು?"

ಮೇಡಂ ನಿಯಮ ಯಾವಾಗಲೂ ಒಂದೇ. ಮೊದಲ ಮೂರು ದಿನ ನೀರು ಬಿಟ್ಟು ಏನೂ ಕೊಡಬಾರದು. ಗುಡ್ಡದಲ್ಲಿ ತಿಂದದ್ದೆಲ್ಲ ಹೊರಗೆ ಬರಲಿ, ನಾಲ್ಕನೆಯ ದಿನದಿಂದ ಎಣಿಸಿ ಮಿಡತೆ ಕೊಡೋಣ. ಮೂರು ದಿನ ಹಸಿದರೆ ಓತಿಕ್ಯಾತಕ್ಕೆ ಏನೂ ಆಗುವುದಿಲ್ಲ ಎಂದು ಮೇಡಂ ಹೇಳಿದ್ದನ್ನು ಯಮನೂರಮ್ಮ ಎರಡು ವರ್ಷ ಚಾಚೂ ತಪ್ಪದೆ ನಡೆಸಿದ್ದಳು. ಆದರೆ ಬಸುರಿ?

ತಾನು ಹೊತ್ತಿದ್ದಾಗ ಅತ್ತೆ ಹೊನ್ನೂರಮ್ಮ ಬೆಳಿಗ್ಗೆ ಎದ್ದ ಕೂಡಲೇ ಬಾಯಿಗೆ ಏನಾದರೂ ಇಟ್ಟೇ ಮುಂದಿನ ಮಾತಾಡುತ್ತಿದ್ದಳು. ಐದನೆಯ ತಿಂಗಳಲ್ಲಿ ಬಯಕೆಯ ಊಟಕ್ಕೆ ಓಣಿಯ ಐದು ಮನೆಯಿಂದ ಬುತ್ತಿ ಬಂದಿತ್ತು. ಬಸುರಿ ಹಸಿದು ಕುಳಿತರೆ ಆ ಮನೆಯವರು ಉಂಡದ್ದು ಮೈಗೆ ಹತ್ತುವುದಿಲ್ಲವೆಂದು ನಂಬುವ ಮಂದಿ ಅವರು. ಆ ಹೆಣ್ಣು ಓತಿಕ್ಯಾತ ಮಾತ್ರ ಲ್ಯಾಬಿನ ಗಾಜಿನ ಪೆಟ್ಟಿಗೆಯೊಳಗಿಂದ ಗಾಜಿಗೆ ಗದ್ದ ಹಚ್ಚಿ ಇವಳ ರೊಟ್ಟಿಯ ಡಬ್ಬಿಯನ್ನೇ ನೋಡುತ್ತ ಕುಳಿತಿತ್ತು.

ಮರುದಿನ ಬೆಳಿಗ್ಗೆ ಗೊರೇಬಾಳದಲ್ಲಿ ಹೊನ್ನೂರಮ್ಮ ಎಮ್ಮೆಗೆ ಹಾಕಲು ತವುಡು ಕೇರುತ್ತಿದ್ದಳು. ಹಳೆಯ ತವುಡಿನ ಚೀಲ. ಎಳ್ಳಿನಷ್ಟು ಕೆಂಪು ಹುಳಗಳು ಮೊರದ ಅಂಚಿಗೆ ಹರಿದು ಬರುತ್ತಿದ್ದವು. ಯಮನೂರಮ್ಮ ಒಂದು ಕಡ್ಡಿಪೆಟ್ಟಿಗೆ ಖಾಲಿ ಮಾಡಿ ಅದರ ತುಂಬ ಹುಳ ತುಂಬಿಕೊಂಡಳು.

"ಯಾರಿಗೆಬೇ ಇದು?" ಎಂದಳು ಅತ್ತೆ.

"ಬಸುರಿ ಒಬ್ಬಾಕಿ ಬಂದಾಳತ್ತಿ, ಮಸ್ಕಿಯಿಂದ. ಬಯಕಿ ಊಟ."

ಮುದುಕಿ ಮೊರ ನಿಲ್ಲಿಸಿ ನೋಡಿ, ಸಂಗತಿ ತಿಳಿದು, ಹಲ್ಲಿಲ್ಲದ ಬಾಯಿ ತೆರೆದು ನಕ್ಕು ನಕ್ಕು ಸುಸ್ತಾದಳು. ಆಮೇಲೆ ಇನ್ನೊಂದು ಹಿಡಿ ತಾನೇ ಹಾಕಿದಳು.

ಒಂದಕ್ಕೆ ಕೊಟ್ಟು ಏಳನ್ನು ನೋಡುತ್ತ ಕೂರಿಸುವುದು ಯಾವ ತಾಯಿಗೆ ಆದೀತು? ಯಮನೂರಮ್ಮ ಎಂಟಕ್ಕೂ ಹಾಕಿದಳು. ಎರಡನೆಯ ದಿನವೂ ಹಾಕಿದಳು. ಮೂರನೆಯ ದಿನವೂ. ಮೇಡಂಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ಸಂಗತಿ ಎಂದು ಅನ್ನಿಸಲೂ ಇಲ್ಲ.

ನಾಲ್ಕನೆಯ ದಿನ ಸ್ಲೈಡ್ ನೋಡಿದ ಮೇಡಂ ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡರು. ಎರಡು ಮನೆಯಲ್ಲ, ನಾಲ್ಕು ಮನೆಯಲ್ಲ. ಒಂದು ಗುಂಡಿನೊಳಗೆ ದಾಳಿಂಬೆಯ ಕಾಳಿನಂತೆ ಒತ್ತೊತ್ತಾಗಿ ಮನೆಗಳು. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಹನ್ನೆರಡು. ಮನೆಗೆ ಇಬ್ಬಿಬ್ಬರು. ಇಂಥದು ಮಸ್ಕಿಯ ಬಂಡೆಯ ಓತಿಕ್ಯಾತದಲ್ಲಿ ಅವರು ಒಮ್ಮೆಯೂ ಕಂಡಿರಲಿಲ್ಲ, ಓದಿರಲಿಲ್ಲ.

"ಯಮನೂರಮ್ಮಾ! ಇದು ಹೊಸಾದು! ಯಾರೂ ಹೆಸರು ಇಡದೇ ಇರೋದು!"

ಆಮೇಲಿನ ಹದಿನೈದು ದಿನ ಮೇಡಂ ನೆಲದ ಮೇಲೆ ಇರಲಿಲ್ಲ. ಫೋಟೋ ತೆಗೆದರು, ಅಳತೆ ಹಿಡಿದರು, ರಾತ್ರಿ ಮನೆಯಲ್ಲಿ ಕುಳಿತು ಲೇಖನ ಬರೆದರು. ಹೆಸರನ್ನೂ ಆರಿಸಿದರು. ಕೊನೆಯಲ್ಲಿ 'ಮಸ್ಕಿಯೆನ್ಸಿಸ್' ಎಂದು ಬರಬೇಕು, ಪ್ರಪಂಚದ ಯಾವ ಮೂಲೆಯಲ್ಲಿ ಕುಳಿತು ಓದಿದರೂ ಮಸ್ಕಿ ಎಂಬ ಊರೊಂದಿದೆ ಎಂದು ಗೊತ್ತಾಗಬೇಕು. ಸೋಮವಾರ ಗೈಡ್‌ಗೆ ಕಳಿಸುವುದು, ಅವರು ಒಪ್ಪಿದರೆ ಪತ್ರಿಕೆಗೆ.

ಯಮನೂರಮ್ಮನೂ ಹಿಗ್ಗಿದ್ದಳು. ಓತಿಕ್ಯಾತಗಳಿಗೆ ಮಿಡತೆಯ ಸಂಗಡ ನಂಜಿಕೊಳ್ಳಲೆಂಬಂತೆ ತವುಡಿನ ಹುಳ ಹಾಕುವುದನ್ನು ಮುಂದುವರಿಸಿದ್ದಳು. ಆದರೆ ಒಂದು ವಿಷಯ ಮಾತ್ರ ಅವಳಿಗೆ ಸಣ್ಣ ಮುಳ್ಳಿನಂತೆ ಚುಚ್ಚುತ್ತಿತ್ತು. ಎರಡು ಮನೆಯವು ಹಿಕ್ಕೆಯಲ್ಲಿ ಬರುವಾಗ ಕಾಯಿ. ಕಿತ್ತಳೆ ನೀರಿನಲ್ಲಿ ಐದಾರು ದಿನ ಇಟ್ಟ ಮೇಲೆ ಹಣ್ಣು. ಈ ಹೊಸ ಗುಂಡುಗಳು ಮೊದಲ ದಿನವೇ ಹಣ್ಣಾಗಿ ಬಂದಿದ್ದವು. ಬೆಳಿಗ್ಗೆ ಹಾಕಿದ ಹಿಕ್ಕೆಯನ್ನು ಬೆಳಿಗ್ಗೆಯೇ ನೋಡಿದರೂ ಮನೆಗಳು ಕಟ್ಟಿ ಮುಗಿದಿರುತ್ತಿದ್ದವು. ಅದೇ ಹೊಟ್ಟೆಯಲ್ಲಿ ಉಳಿದವು ಹಣ್ಣಾಗುವುದಿಲ್ಲ, ಇವು ಹೇಗೆ ಆದವು? ಎಲ್ಲೋ ಬೇರೆ ಕಡೆ ಹಣ್ಣಾಗಿ ಬಂದಿರಬೇಕು.

ಶನಿವಾರ ಬೆಳಿಗ್ಗೆ ಅತ್ತೆ ಮೊರ ಮುಂದೆ ಚಾಚಿ, "ನಿನ್ನ ಬಸುರಿಗೆ ಇವತ್ತಿಂದು ತಗೋ," ಎಂದಾಗ ಯಮನೂರಮ್ಮನ ಕೈ ಗಾಳಿಯಲ್ಲೇ ನಿಂತಿತು. ಎರಡು ವರ್ಷ ಇಲ್ಲದ್ದು ಯಾವತ್ತಿನಿಂದ ಬಂತು? ಕಡ್ಡಿಪೆಟ್ಟಿಗೆ ಒಯ್ದ ದಿನದಿಂದ.

ಅವತ್ತು ಒಂದು ತಾಸು ಮೊದಲೇ ಕಾಲೇಜಿಗೆ ಹೋದಳು. ಒಂದು ಹುಳವನ್ನು ಸ್ಲೈಡಿನ ಮೇಲಿಟ್ಟು, ಒಂದು ಹನಿ ಉಪ್ಪುನೀರು ಬಿಟ್ಟು, ಮೇಲೆ ಗಾಜಿನ ಚೂರಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ತುಪ್ಪದ ಹನಿಗಳಂಥ ಕೊಬ್ಬು ಬಿಟ್ಟರೆ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಎದೆಯ ಭಾರ ಇಳಿಯಿತು. ಇನ್ನೊಂದು ನೋಡಿ ಏಳೋಣ ಎಂದು ಮೂರನೆಯದನ್ನು ಒತ್ತಿದಳು.

ಊರಿಗೆ ಊರೇ ತುಂಬಿತ್ತು. ದಾಳಿಂಬೆ ಒಡೆದು ಚೆಲ್ಲಿದ ಹಾಗೆ. ಗುಂಡು, ಗುಂಡಿನೊಳಗೆ ಮನೆಗಳು, ಮನೆಗೆ ಇಬ್ಬಿಬ್ಬರು ಒಬ್ಬರಿಗೊಬ್ಬರು ಒರಗಿ ಮಲಗಿದವರು. ಎಣಿಸಲು ಹೋಗಿ ನಲವತ್ತು ಗುಂಡಿಗೆ ಲೆಕ್ಕ ತಪ್ಪಿತು. ಎಳ್ಳಿನಷ್ಟು ಹುಳದೊಳಗೆ ಇಷ್ಟು! ಹುಟ್ಟಿದಾಗಿನಿಂದ ಅವಳು ಕೇರಿದ ಮೊರಗಳೆಷ್ಟು, ಅಂಚಿನಿಂದ ಕೊಡವಿ ಒಲೆಗೆ ಎಸೆದ ಹುಳಗಳೆಷ್ಟು. ತನ್ನ ಮನೆಯ ತವುಡಿನ ಚೀಲದಲ್ಲಿ, ಎಮ್ಮೆಯ ಬಾನಿಯ ಪಕ್ಕದಲ್ಲಿ, ಯಾರೂ ಕಾಣದ ಇಷ್ಟು ಓಣಿ, ಇಷ್ಟು ಸಂಸಾರ. ನೆಲ್ಲಿನೊಳಗೆ ತವುಡು, ತವುಡಿನೊಳಗೆ ಹುಳ, ಹುಳದೊಳಗೆ ಇವರು. ಇವರ ಒಳಗೆ ಇನ್ನೂ ಯಾರಿದ್ದಾರೋ! ಅವಳ ಮೈಮೇಲೆ ಮುಳ್ಳೆದ್ದವು. ಗೊತ್ತಿಲ್ಲದೆಯೇ ಎರಡೂ ಕೈ ಜೋಡಿಸಿಕೊಂಡಿದ್ದಳು.

ಆಮೇಲೆ ಭಯ ಬಂತು.

ಈ ಒಂದು ಸ್ಲೈಡನ್ನು ನಲ್ಲಿಯ ಕೆಳಗೆ ಹಿಡಿದರೆ ಮುಗಿಯಿತು. ಸ್ಲೈಡು ತೊಳೆಯುವುದು ಅವಳ ಕೆಲಸವೇ ಅಲ್ಲವೇ? ಮೇಡಂಗೆ ಹೆಸರು ಬರುತ್ತದೆ, ಮಸ್ಕಿಗೆ ಹೆಸರು ಬರುತ್ತದೆ, ತನ್ನ ಸ್ಟೂಲು ತನಗಿರುತ್ತದೆ. ಹೇಳಿದರೆ ನಾಳೆಯಿಂದ ಆಫೀಸಿನ ಫೈಲು. ಭರೋಸಾ ಐತಿ ಎಂದು ಎಲ್ಲರೆದುರು ಅಂದವರ ಮುಖಕ್ಕೆ ಏನು ಉತ್ತರ? ನಲ್ಲಿಯವರೆಗೆ ಹೋದಳು ಕೂಡ. ಆದರೆ ಸೋಮವಾರ ಹೋದ ಬರಹ ಅಚ್ಚಾದರೆ ಶಾಶ್ವತ. ಮುಂದೆ ಯಾವುದೋ ಊರಿನ ಯಾರೋ ಒಬ್ಬಳು ಮಸ್ಕಿಯ ಓತಿಕ್ಯಾತದಲ್ಲಿ ಅದನ್ನು ಹುಡುಕುತ್ತ ಕಣ್ಣು ಸವೆಸುತ್ತಾಳೆ, ಸಿಗುವುದಿಲ್ಲ. ಮೇಡಂ ಅವತ್ತು ಹೇಳಿದ್ದು ನೆನಪಾಯಿತು: ಇವರು ಸುಳ್ಳು ಹೇಳುವುದಿಲ್ಲ. ಎಣಿಸುವವರು ಹೇಳಬಹುದೇ?

ಬಾಗಿಲು ಸದ್ದಾಯಿತು. ಮೇಡಂ ಲ್ಯಾಪ್‌ಟಾಪ್ ಚೀಲ ಇಳಿಸುತ್ತಿದ್ದರು.

"ಮೇಡಂ, ಒಂದು ತಪ್ಪಾಗೈತಿ. ಮೊದಲು ಇದನ್ನ ನೋಡ್ರಿ. ಆಮೇಲೆ ಬೈರಿ."

ಮೇಡಂ ನೋಡಿದರು. "ಇದು ನಮ್ಮದೇ ಅಲ್ಲ? ಎಷ್ಟು ದಟ್ಟ ಅದಾವ! ಯಾವ ಓತಿಕ್ಯಾತದ್ದು?"

"ಓತಿಕ್ಯಾತದ್ದಲ್ರೀ. ನಮ್ಮನಿ ತವುಡಿನ ಹುಳದ್ದು. ಬಸುರಿ ಉಪವಾಸ ಇದ್ದದ್ದು ನೋಡಾಕ ಆಗಲಿಲ್ಲ, ಹಾಕೀನಿ. ಎಲ್ಲಾವುಕ್ಕೂ ಹಾಕೀನಿ. ಇವತ್ತಿನ ತನಕ."

ಮೇಡಂ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ತಿರುಗಿದರು.

"ನಾನು ಏನಂತ ಹೇಳಿದ್ದೆ ನಿಮಗ?"

"ಏನೂ ಹಾಕಬ್ಯಾಡಂತ."

"ನಾಲ್ಕು ವರ್ಷ, ಯಮನೂರಮ್ಮ. ನಾಲ್ಕು ವರ್ಷ ಬಸ್ಸಿನಾಗ ಓಡ್ಯಾಡೀನಿ. ಒಂದು ಹೊಸಾದು ಸಿಕ್ತಂತ…" ಮೇಡಂ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತರು. ಬಹಳ ಹೊತ್ತಿನ ಮೇಲೆ ಬಂದು ಫೋನಿನಲ್ಲಿ ಏನೇನೋ ಹುಡುಕಿದರು, ಓದಿದರು. "ಇದಕ್ಕ ಆಗಲೇ ಹೆಸರೈತಿ. ಅಡೆಲಿನಾ ಅಂತ. ಹಿಟ್ಟಿನ ಹುಳದಾಗ ಇರೋದು. ನಾವು ಹುಟ್ಟೋಕಿಂತ ಮೊದಲೇ ಯಾರೋ ನೋಡಿ ಬರದಾರ." ಆಮೇಲೆ ಕೈ ಚಾಚಿದರು. "ಕೀಲಿ ಕೊಡ್ರಿ."

ಯಮನೂರಮ್ಮ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟಳು.

ಒಂಬತ್ತು ದಿನ ಆಫೀಸಿನಲ್ಲಿ ಫೈಲು ಹೊತ್ತಳು, ಚಹಾ ತಂದಳು. ಹಾಜರಿ ಪುಸ್ತಕದ ಮೇಲೆ ಇರುವೆ ಹರಿದರೂ ಅದರ ಹೊಟ್ಟೆಯಲ್ಲಿ ಯಾರಿರಬಹುದೆಂದು ನೋಡುತ್ತ ನಿಲ್ಲುತ್ತಿದ್ದಳು. ಪ್ರಾಣಿಶಾಸ್ತ್ರದ ಕೋಣೆಯ ಮುಂದೆ ಹಾಯುವಾಗ ತಲೆ ತಗ್ಗಿಸಿ ಹೋಗುತ್ತಿದ್ದಳು. ಮನೆಯಲ್ಲಿ ಹೊನ್ನೂರಮ್ಮ, "ನಾಲಿಗಿ ಕಚಗೊಂಡು ಸುಮ್ನಿದ್ರ ಆಗತಿತ್ತಿಲ್ಲಬೇ?" ಎಂದು ಗೊಣಗಿದಳು. ಆಮೇಲೆ ತಾನೇ, "ಆ ಹುಡುಗಿ ನಾಕು ಮಂದ್ಯಾಗ ನಗೆಪಾಟಲಾಗತಿತ್ತು. ಹೇಳಿದ್ದು ಛಲೋ ಆತು ಬಿಡು," ಎಂದು ಬಿಸಿ ರೊಟ್ಟಿ ತಟ್ಟೆಗೆ ಹಾಕಿದಳು.

ಹತ್ತನೆಯ ದಿನ ಮೇಡಂ ಆಫೀಸಿನ ಬಾಗಿಲಿಗೆ ಬಂದು ನಿಂತರು. ಸೆರಗಿಗೆ ಸಕ್ಕರೆ ಅಂಟಿತ್ತು.

"ಪಾಕ ಹರಳುಗಟ್ಟಾಕತ್ತೈತಿ. ಮೂರು ಸಲ ಮಾಡೀನಿ, ಮೂರು ಸಲಾನೂ ಕಲ್ಲು. ಇರುವಿ ಬ್ಯಾರೆ ಹತ್ಯಾವ. ಬರ್ರಿ."

ಯಮನೂರಮ್ಮ ಹಿಂದೆ ನಡೆದಳು. ಕೋಣೆಯಲ್ಲಿ ಮೇಜಿನ ಮೇಲೆ ತೆರೆದ ಪುಸ್ತಕವಿತ್ತು. ಮೇಡಂ ಬೆರಳಿಟ್ಟು ತೋರಿಸಿದರು. ಹುಳ ನಿಲ್ಲಿಸಿ ಬರೀ ಮಿಡತೆ ಕೊಟ್ಟ ಮೊದಲ ದಿನ ಬಹುಮನೆಯ ಗುಂಡುಗಳು ತುಂಬ. ಎರಡನೆಯ ದಿನ ಅರ್ಧ. ಮೂರನೆಯ ದಿನ ಏಳು. ಐದನೆಯ ದಿನದಿಂದ ಸೊನ್ನೆ. ಎರಡು ಮನೆಯವು ಮಾತ್ರ ಮೊದಲಿನಷ್ಟೇ.

"ಎರಡು ಮನಿಯವು ಓತಿಕ್ಯಾತದ ಸ್ವಂತ ಮಂದಿ. ಆ ದಾಳಿಂಬಿ ಥರದವು ಬರೀ ಹಾದು ಹೋಗೋ ಮಂದಿ. ಬಸ್ ಸ್ಟ್ಯಾಂಡಿನಾಗ ಕುಂತವರನ್ನ ಊರವರಂತ ಬರಕೊಂಡಂಗಾಗಿತ್ತು ನಂದು." ಮೇಡಂ ಸ್ವಲ್ಪ ನಕ್ಕರು. "ಕೀಲಿ ಇಸಗೊಂಡದ್ದು ಇದಕ್ಕ. ಯಾರೂ ಒಂದು ಹುಳಾನೂ ಹಾಕಬಾರದಿತ್ತು. ಸಿಟ್ಟೂ ಇತ್ತು ಅನ್ರಿ. ಸೋಮವಾರ ನಾನು ಅದನ್ನ ಕಳಿಸಿದ್ರ ಏನಾಗತಿತ್ತಂತ ನೆನೆಸಿಕೊಂಡ್ರ ಈಗೂ ಕೈ ತಣ್ಣಗಾಗತಾವ."

ಯಮನೂರಮ್ಮ ಪಾಕ ಒಲೆಗಿಟ್ಟಳು. ಸಕ್ಕರೆ ಕರಗುವುದನ್ನು ನೋಡುತ್ತ ಒಂಬತ್ತು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

"ಮೇಡಂ, ಓತಿಕ್ಯಾತದ ಹೊಟ್ಟ್ಯಾಗ ಹುಳ ಅರದು ಹೋಗತೈತಿ, ರೆಕ್ಕಿನೂ ಚೂರಾಗತಾವ. ಇವು ಮಾತ್ರ ಹಂಗೇ ಬರತಾವಲ್ಲ, ಇವಕ್ಕ ಇನ್ನೂ ಜೀವ ಇರತೈತೇನ್ರೀ?"

ಮೇಡಂ ಎಣಿಕೆಯ ಪುಸ್ತಕದಲ್ಲಿ ಹೊಸ ಹಾಳೆ ತಿರುವಿದರು.

"ಗೊತ್ತಿಲ್ಲ," ಎಂದರು. "ನೋಡೋಣೇನು?"

ಮುಕ್ತಿಯಾರ್ ಬಂದು ಓತಿಕ್ಯಾತಗಳನ್ನು ಅವುಗಳ ಬಂಡೆಗೆ ಒಯ್ಯುವ ಮೊದಲು, ಮತ್ತೊಮ್ಮೆ ತವುಡಿನ ಹುಳ ತಿನ್ನಿಸಿ ಒಂದು ದಿನದ ಹಿಕ್ಕೆಯನ್ನು ಎತ್ತಿಟ್ಟುಕೊಂಡರು. ಬಸುರಿ ಅಷ್ಟರಲ್ಲಿ ಪೆಟ್ಟಿಗೆಯ ಮರಳಿನಲ್ಲಿ ಐದು ತತ್ತಿ ಇಟ್ಟಿದ್ದಳು. ಮುಕ್ತಿಯಾರ್ ಮರಳು ಸಮೇತ ಒಯ್ದು ಆ ಬಂಡೆಯ ಬುಡದಲ್ಲೇ ಹುಗಿದು ಬಂದ. ಪಕ್ಕದ ಆರ್.ಎಚ್. ಕ್ಯಾಂಪಿನ ಗಿರಣಿಯೊಂದರಿಂದ ಅವತ್ತೇ ಬೀಸಿದ ಹಿಟ್ಟು ತಂದು, ಯಾವ ಜೀವವೂ ಉಳಿಯದಂತೆ ಹುರಿದರು. ಬೇರೆ ಚೀಲದ ಹುಳ ತಂದು, ಅವುಗಳಲ್ಲಿ ಮೂವತ್ತನ್ನು ಒತ್ತಿ ನೋಡಿ, ಒಂದರಲ್ಲೂ ಏನಿಲ್ಲವೆಂದು ಖಾತ್ರಿ ಮಾಡಿಕೊಂಡರು. ಎರಡು ಬಾಟಲಿಗೆ ಹಿಟ್ಟೂ ಹುಳವೂ ಹಾಕಿ, ಒಂದಕ್ಕೆ ಮಾತ್ರ ಒಣಗಿಸಿದ ಹಿಕ್ಕೆ ಬೆರೆಸಿದರು. ಮೂರು ವಾರ ಕಪಾಟಿನಲ್ಲಿಟ್ಟರು.

ಮೂರು ವಾರ ಕಳೆದ ದಿನ ಮೇಡಂ ಎರಡೂ ಬಾಟಲಿಯಿಂದ ಹುಳ ತೆಗೆದು, ತಾವೇ ಒತ್ತಿ, ನಲವತ್ತು ಸ್ಲೈಡು ಕಲಸಿ ಜೋಡಿಸಿದರು. ಯಾವುದು ಯಾವ ಬಾಟಲಿಯದೆಂದು ಬರೆದ ಚೀಟಿಯನ್ನು ತಮ್ಮ ಪರ್ಸಿನಲ್ಲಿಟ್ಟುಕೊಂಡರು. ಸ್ಟೂಲಿನ ಧೂಳು ಸೆರಗಿನಿಂದ ಒರೆಸಿದರು.

"ಕುಂದರ್ರಿ. ನನ್ನ ಕಣ್ಣಿಗೆ ಆಸಿ ಐತಿ, ಇಲ್ಲದ್ದೂ ಕಾಣತೈತಿ. ಮೊದಲು ನೀವು ನೋಡ್ರಿ."

ಯಮನೂರಮ್ಮ ಕುಳಿತಳು. ಮೊದಲನೆಯದರಲ್ಲಿ ಕೊಬ್ಬಿನ ಹನಿ. ಎರಡನೆಯದೂ ಹಾಗೇ. ಮೂರು, ನಾಲ್ಕು, ಐದು. ಮೇಡಂ ಕಿಟಕಿಯ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದರು. ಆರನೆಯ ಸ್ಲೈಡ್ ತಳ್ಳಿ, ಗಾಲಿ ತಿರುಗಿಸಿ, ಯಮನೂರಮ್ಮ ಅಲ್ಲಾಡದೆ ಕುಳಿತಳು. ಬೆಳಕಿನ ಬಿಲ್ಲೆಯ ನಡುವೆ ಒಂದು ಗುಂಡು. ಅದರ ಆಚೆ ಇನ್ನೊಂದು. ಒಂದು ಹುಳದ ಹೊಟ್ಟೆಯಿಂದ ಹೊರಟು, ಮಸ್ಕಿಯ ಓತಿಕ್ಯಾತದ ಬಾಯಿ, ಹೊಟ್ಟೆ, ಕರುಳು ಎಲ್ಲ ಹಾದು, ಹಿಕ್ಕೆಯಲ್ಲಿ ಒಣಗಿ, ಹುರಿದ ಹಿಟ್ಟಿನಲ್ಲಿ ಕಾದಿದ್ದು, ಕಡೆಗೆ ಇನ್ನೊಂದು ಹುಳದೊಳಗೆ ಹೊಕ್ಕು ಮತ್ತೆ ಮನೆ ಕಟ್ಟಿಕೊಂಡು ಕುಳಿತವರು. ಅವಳ ಕಣ್ಣು ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹಚ್ಚಿದಳು.

"ಏನೈತಿ? ಹೇಳ್ರಿ!"

"ಹನ್ನೊಂದು ಮನಿ ಅದಾವ. ಮನಿಗೆ ಇಬ್ಬರು," ಎಂದಳು ಯಮನೂರಮ್ಮ ಪಿಸುದನಿಯಲ್ಲಿ. ಮೇಡಂ ಪರ್ಸಿಗೆ ಕೈ ಹಾಕಿದ್ದನ್ನು ಕಂಡು ತಲೆಯೆತ್ತದೆಯೇ ತಡೆದಳು. "ಚೀಟಿ ತೆಗಿಬ್ಯಾಡ್ರಿ ಮೇಡಂ. ಇನ್ನೂ ಮೂವತ್ತನಾಲ್ಕು ಅದಾವ. ಎಲ್ಲಾ ಎಣಿಸಿ ಬರಕೋತೀನಿ, ಆಮೇಲೆ ನೋಡೋಣ."